ಅವರಿನ್ನೂ ಮುಗಿಸಿಲ್ಲ

“ಸಾರ್, ನೀವು ಸ್ವಲ್ಪ ಬಾಯಿ ಮುಚ್ಕೊಂಡಿರ್ತೀರಾ?”

ಬಿಂದುಶ್ರೀ ವಸಿಷ್ಠನಿಗೆ ಹೇಳಿದ ಮೊದಲ ಮಾತು ಇದು. ಪ್ರೇಮ ಶುರುವಾಗಲಿಕ್ಕೆ ಇದಕ್ಕಿಂತ ಕೆಟ್ಟ ಮಾತು ಹುಡುಕಿದರೂ ಸಿಗಲಿಕ್ಕಿಲ್ಲ. ಆದರೆ ಅವಳು ಆಗ ಪ್ರೇಮದ ಯೋಚನೆಯಲ್ಲಿರಲಿಲ್ಲ. ಮಂಚದ ಮೇಲೆ ಮಲಗಿದ್ದ ಸೇತುರಾಮರ ತುಟಿ ಅಲುಗುತ್ತಿತ್ತು. ಅವಳ ಕಣ್ಣೆಲ್ಲ ಅಲ್ಲೇ ಇತ್ತು.

ಪುಟ್ಟೇನಹಳ್ಳಿ ಕೆರೆ ಕಾಣುವ ಆ ಆಸ್ಪತ್ರೆಗೆ ಸೇತುರಾಮರು ಬಂದು ವಾರವಾಗಿತ್ತು. ಜಯನಗರದವರು, ರಿಟೈರ್ಡ್ ಎಂಜಿನಿಯರ್. ವಾಕಿಂಗ್ ಮುಗಿಸಿ ಬಂದು ಕಾಫಿ ಲೋಟ ಹಿಡಿದಿದ್ದರಂತೆ, ಲೋಟ ಕೈಯಿಂದ ಜಾರಿತಂತೆ. ಸ್ಟ್ರೋಕ್. ಬಲಗೈ, ಬಲಗಾಲು ಬಿದ್ದುಹೋದವು, ಮಾತು ನಿಂತಿತು. ಎದುರಿನವರು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು, ತಾವು ಹೇಳಬೇಕಾದ್ದು ಮಾತ್ರ ಒಳಗೇ ಉಳಿದುಬಿಡುತ್ತಿತ್ತು. ನುಂಗಲು ಆಗದ್ದರಿಂದ ಮೂಗಿನೊಳಗಿಂದ ಹೊಟ್ಟೆಗೆ ಒಂದು ಪೈಪು ಇಳಿಸಿ, ಅದರಲ್ಲಿ ಗಂಜಿ, ಹಾಲು ಬಿಡುತ್ತಿದ್ದರು.

ಅವತ್ತು ಅವರು “ಅ… ಅ…” ಎಂದಿದ್ದರು ಅಷ್ಟೇ. ಮಗ ಶುರು ಹಚ್ಚಿಕೊಂಡ.

“ಅಮ್ಮಾನಾ ಅಪ್ಪ? ಅಮ್ಮ ಮನೆಗೆ ಹೋಗಿದಾಳೆ, ಈಗ ಬರ್ತಾಳೆ. ಆಯಾಸ ಆಗ್ತಿದೆಯಾ? ಅನ್ನ ಬೇಕಾ? ಅನ್ನ ಈಗ ಕೊಡಲ್ಲ. ಎ.ಸಿ. ಜಾಸ್ತಿ ಆಯ್ತಾ?”

ವಸಿಷ್ಠ ವಕೀಲ. ಬಿಳಿ ಶರ್ಟು, ಕಪ್ಪು ಪ್ಯಾಂಟು, ಕೋರ್ಟಿನಿಂದ ನೇರ ಬಂದವನ ಕೊರಳಪಟ್ಟಿ ಜೇಬಿನಿಂದ ಇಣುಕುತ್ತಿತ್ತು. ಮಾತೇ ಅವನ ಅನ್ನ. ಆ ಮನೆಯಲ್ಲಿ ಎಲ್ಲರ ಮಾತನ್ನೂ ಅವನೇ ಪೂರ್ತಿ ಮಾಡುವುದು ರೂಢಿ.

“ಏನಂದ್ರಿ?” ಎಂದ ಅವನು, ಬಿಂದುವಿನ ಕಡೆ ತಿರುಗಿ.

“ಬಾಯಿ ಮುಚ್ಕೊಂಡಿರ್ತೀರಾ ಅಂದೆ. ನಿಮ್ ತಂದೆ ಏನೋ ಹೇಳ್ತಿದಾರೆ.”

“ನಾನು ಅವ್ರಿಗೆ ಹೆಲ್ಪ್ ಮಾಡ್ತಿದೀನಿ ಸಿಸ್ಟರ್.”

“ಹೆಲ್ಪ್ ಅಲ್ಲ ಸಾರ್. ನೀವು ಅವ್ರಿಗೆ ಮಾತಾಡಕ್ಕೇ ಬಿಡ್ತಿಲ್ಲ.”

ಅಷ್ಟರಲ್ಲಿ ಸೇತುರಾಮರ ತುಟಿ ಮುಚ್ಚಿಕೊಂಡಿತ್ತು. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ವಸಿಷ್ಠ ಕೆಂಡಾಮಂಡಲವಾಗಿ ನೇರ ಕೆಳಗಿನ ಕೌಂಟರಿಗೆ ಹೋಗಿ, ಈ ನರ್ಸಿಗೆ ಜನರ ಹತ್ತಿರ ಮಾತಾಡುವ ರೀತಿಯೇ ಗೊತ್ತಿಲ್ಲ ಎಂದು ಕಂಪ್ಲೇಂಟ್ ಕೊಟ್ಟುಬಂದ.

ನರ್ಸುಗಳ ಮೇಲಿನ ಸೂಪರ್‌ವೈಸರ್ ಜಯಶೀಲಾ ಬಿಂದುವನ್ನು ಕರೆಸಿದರು. “ಟ್ರೈನಿಂಗಲ್ಲಿ ಏನು ಹೇಳಿಕೊಟ್ಟಿದ್ದು? ನಗು. ಹೆಸರು ಹೇಳು. ಏನು ಬೇಕು ಅಂತ ಕೇಳು. ಥ್ಯಾಂಕ್ಯೂ ಅನ್ನು. ಇಷ್ಟು ಬರಲ್ವಾ?”

“ಬರುತ್ತೆ ಮೇಡಂ. ಏನು ಬೇಕು ಅಂತ ಕೇಳಿದ್ಮೇಲೆ ಉತ್ತರ ಬರೋವರೆಗೂ ನಿಂತ್ಕೋಬೇಕು ಅಂತ ಮಾತ್ರ ಯಾರೂ ಹೇಳಿಕೊಡ್ಲಿಲ್ಲ.”

“ಬಾಯಿ ಜಾಸ್ತಿ ನಿಂಗೆ.”

ಇದನ್ನೇ ಅವಳ ಅಪ್ಪ ಬೈರಣ್ಣನೂ ಹೇಳುತ್ತಿದ್ದ. ತಲಘಟ್ಟಪುರದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲ ಲೇಔಟ್ ಆಗಿ, ಉಳಿದ ಜಾಗದಲ್ಲಿ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದ. “ಬಾಡಿಗೆ ಬರೋ ಮನೆ ಮಗಳು ಕಂಡೋರ ಮೈ ಒರೆಸ್ಬೇಕಾ?” ಎನ್ನುವುದು ದಿನವೂ ರಾತ್ರಿ ಮುದ್ದೆಯ ಜೊತೆಗಿನ ಮಾತು. ಹಾರೋಹಳ್ಳಿಯಲ್ಲಿ ಪೆಟ್ರೋಲ್ ಬಂಕ್ ಇದ್ದ ಒಬ್ಬ ಹುಡುಗನನ್ನೂ ನೋಡಿಟ್ಟಿದ್ದ. ಬಿಂದು ಮಾತ್ರ “ಒರೆಸ್ತೀನಿ ಅಪ್ಪ” ಎಂದು ತಟ್ಟೆ ತೊಳೆದು ಏಳುತ್ತಿದ್ದಳು. ಅವಳಿಗೆ ಆ ಕೆಲಸ ಇಷ್ಟ. ಅದನ್ನು ಯಾರಿಗೂ ಕಾರಣ ಹೇಳಿ ಒಪ್ಪಿಸಬೇಕೆಂದು ಅವಳಿಗೆ ಅನ್ನಿಸಿರಲಿಲ್ಲ.

ಮಾರನೆಯ ಬೆಳಿಗ್ಗೆ ಅವಳು ಡ್ಯೂಟಿಗೆ ಬಂದಾಗ ಸೇತುರಾಮರ ಎಡಗೈಯನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದ್ದರು. ಆಡುತ್ತಿದ್ದ ಕೈ ಅದೊಂದೇ.

“ಪೈಪ್ ಕಿತ್ಕೊಂಡ್ರು, ಎರಡು ಸಲ,” ಎಂದಳು ಹಿಂದಿನ ಡ್ಯೂಟಿಯ ಹುಡುಗಿ. “ಮತ್ತೆ ಹಾಕೋವಾಗ ಮೂಗಲ್ಲಿ ರಕ್ತ ಬಂತು. ಪಾಪ, ಕನ್‌ಫ್ಯೂಸ್ ಆಗಿದಾರೆ. ಕೈ ಬಿಚ್ಚಬೇಡ ಅಂದಿದಾರೆ ಮೇಡಂ.”

ಬಿಂದು ಸೇತುರಾಮರ ಕಣ್ಣು ನೋಡಿದಳು. ಅಲ್ಲಿ ಗೊಂದಲ ಇರಲಿಲ್ಲ. ಅವಮಾನ ಇತ್ತು. ಕುರ್ಚಿ ಎಳೆದುಕೊಂಡು ಅವರ ಮುಖದ ನೇರಕ್ಕೆ ಕೂತಳು.

“ಸಾರ್, ನಾನು ಬಿಂದು. ನಾನು ಕೇಳ್ತೀನಿ, ಹೌದು ಅಂದ್ರೆ ಒಂದು ಸಲ ಕಣ್ಣು ಮುಚ್ಚಿ. ಇಲ್ಲ ಅಂದ್ರೆ ಎರಡು ಸಲ. ಅವಸರ ಇಲ್ಲ. ಕೈ ಕಟ್ಟಿದ್ದಕ್ಕೆ ಕೋಪ ಬಂದಿದೆಯಾ?”

ಕಾದಳು. ಹೊರಗೆ ಟ್ರಾಲಿ ಹೋಯಿತು, ಯಾರದೋ ಫೋನು ಹಾಡಿ ನಿಂತಿತು. ಅವರು ನಿಧಾನವಾಗಿ ಒಂದು ಸಲ ಕಣ್ಣು ಮುಚ್ಚಿ ತೆರೆದರು.

“ನನಗೂ ಬಂದಿದೆ. ಬಿಚ್ಲಾ?” ಎಂದಳು ಬಿಂದು. ಅವರು ಮತ್ತೆ ಒಂದು ಸಲ ಕಣ್ಣು ಮುಚ್ಚಿದರು. ಅವಳು ಗಂಟು ಬಿಚ್ಚಿದಳು.

ಸರಿಯಾಗಿ ಅದೇ ಹೊತ್ತಿಗೆ ವಸಿಷ್ಠ ಬಾಗಿಲಲ್ಲಿ ನಿಂತಿದ್ದ. “ಬಿಚ್ಚಕ್ಕೆ ಡಾಕ್ಟರ್ ಹೇಳಿದ್ರಾ?”

“ಇಲ್ಲ.”

“ಮತ್ತೆ?”

“ಇವ್ರನ್ನ ಕೇಳ್ದೆ. ಬಿಚ್ಚಿ ಅಂದ್ರು.”

“ಅಪ್ಪನಿಗೆ ಮಾತೇ ಬರಲ್ವಲ್ಲ!”

“ಮಾತು ಬರಲ್ಲ ಸಾರ್. ಉತ್ತರ ಬರುತ್ತೆ.”

ಅವಳು ಕೇಳಿ ತೋರಿಸಿದಳು. ದಿಂಬು ಎತ್ತರ ಆಯ್ತಾ? ಇಲ್ಲ. ಬೆಳಕು ಜಾಸ್ತಿಯಾ? ಹೌದು. ವಸಿಷ್ಠ ಬೆರಗಾಗಿ ನೋಡುತ್ತಿದ್ದ. ಆದರೂ ವಕೀಲ, ಸುಮ್ಮನೆ ಸೋಲು ಒಪ್ಪುವವನಲ್ಲ.

“ಇದಕ್ಕೆ ಕೋರ್ಟಲ್ಲಿ ಲೀಡಿಂಗ್ ಕ್ವೆಶ್ಚನ್ ಅಂತಾರೆ ಸಿಸ್ಟರ್. ನಮ್ಮ ಸಾಕ್ಷಿಯ ಬಾಯಿಗೆ ನಾವೇ ಮಾತು ತುರುಕೋ ಹಾಗಿಲ್ಲ.”

“ಹೌದಾ? ಮತ್ತೆ ಇಷ್ಟು ದಿನ ನೀವು ಮಾಡ್ತಿದ್ದಿದ್ದು ಏನು?”

ಅವನು ಉತ್ತರಕ್ಕೆ ಬಾಯಿ ತೆರೆದ. ನಕ್ಕುಬಿಟ್ಟ. ನಗುವಾಗ ಅವನ ಎಡಗೆನ್ನೆ ಒಂದಿಷ್ಟು ಒಳಗೆ ಹೋಗುತ್ತಿತ್ತು, ಬಲಗೆನ್ನೆ ಹೋಗುತ್ತಿರಲಿಲ್ಲ. ಇದನ್ನೆಲ್ಲ ಗಮನಿಸಿದ್ದಕ್ಕೆ ಬಿಂದು ತನ್ನ ಮೇಲೇ ಸಿಡುಕಿದಳು.

“ನೀವೇ ಕೇಳಿ ಒಂದು. ಒಂದೇ ಒಂದು. ಕಿರುಚಬೇಡಿ, ಅವ್ರಿಗೆ ಕಿವಿ ಚೆನ್ನಾಗಿದೆ. ಕೇಳಿ, ಆಮೇಲೆ ಸುಮ್ಮನಿರಿ.”

“ಅಪ್ಪ, ಎ.ಸಿ. ಕಮ್ಮಿ ಮಾಡ್ಲಾ?”

ಉತ್ತರ ಬರಲಿಲ್ಲ. ವಸಿಷ್ಠನ ತುಟಿ ತೆರೆಯಿತು, ಇನ್ನೇನು ಎರಡನೆಯ ಪ್ರಶ್ನೆ ಉದುರಬೇಕು. ಬಿಂದು ತನ್ನ ತುಟಿಯ ಮೇಲೆ ಬೆರಳಿಟ್ಟಳು. ಅವನ ಕಣ್ಣು ಆ ಬೆರಳಿನ ಮೇಲೆ ನಿಂತಿತು. ಬೆರಳಿನಿಂದ ತುಟಿಗೆ ಬಂತು, ತುಟಿಯಿಂದ ಅವಳ ಕಣ್ಣಿಗೆ ಬಂತು, ಅಲ್ಲಿಂದ ಸಿಕ್ಕಿಬಿದ್ದವನಂತೆ ನೆಲಕ್ಕೆ ಇಳಿಯಿತು.

ಸೇತುರಾಮರು ಒಂದು ಸಲ ಕಣ್ಣು ಮುಚ್ಚಿ ತೆರೆದಿದ್ದರು. ಹೌದು. ವಸಿಷ್ಠ ಎ.ಸಿ. ಕಮ್ಮಿ ಮಾಡಿ ಬಂದ. ದೊಡ್ಡ ಕೇಸು ಗೆದ್ದವನ ಮುಖ ಅವನದು.

ಆ ಸಂತೋಷ ಉಳಿದದ್ದು ಮುಂದಿನ ಊಟದವರೆಗೆ ಮಾತ್ರ.

ಬಿಂದು ಗಂಜಿಯ ಲೋಟ ತಂದು ಪಕ್ಕದ ಮೇಜಿನ ಮೇಲಿಟ್ಟಳು. ದೊಡ್ಡ ಸಿರಿಂಜನ್ನು ಪೈಪಿಗೆ ಸೇರಿಸುವ ಹೊತ್ತಿಗೆ ಸೇತುರಾಮರ ಎಡಗೈ ಮೇಲೆದ್ದಿತು, ಗಾಳಿಯಲ್ಲಿ ಸುತ್ತಿತು, ಬೆರಳು ಪೈಪಿಗೆ ಸಿಕ್ಕಿತು. ಅವಳು ಹಿಡಿಯುವಷ್ಟರಲ್ಲಿ ಪೈಪು ಅರ್ಧ ಹೊರಗೆ ಬಂದಿತ್ತು. ಕೆಮ್ಮು, ರಕ್ತ, ಓಡಾಟ. ಅದೇ ಗಳಿಗೆಯಲ್ಲಿ ಸೇತುರಾಮರ ಹೆಂಡತಿ ವಿಮಲಾ ಒಳಗೆ ಬಂದರು, ಹಿಂದೆಯೇ ಜಯಶೀಲಾ.

“ಕಟ್ಟಿದ್ದ ಕೈನ ಯಾಕಮ್ಮ ಬಿಚ್ಚಿದೆ?” ಎಂದರು ವಿಮಲಾ. ಆ ಹೆಂಗಸು ಒಂದು ವಾರದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಡಾಕ್ಟರು ಬಂದು ಹೊಸ ಪೈಪು ಹಾಕಿಸಿದರು. ಹೀಗೇ ಕೀಳುತ್ತಿದ್ದರೆ ಹೊಟ್ಟೆಗೇ ತೂತು ಮಾಡಿ ಅಲ್ಲಿಂದ ಪೈಪು ಹಾಕಬೇಕಾಗುತ್ತದೆ ಎಂದು ಹೇಳಿ ಹೋದರು. ಜಯಶೀಲಾ ಬಿಂದುವನ್ನು ಬಾಗಿಲ ಹೊರಗೆ ನಿಲ್ಲಿಸಿದರು.

“ಕೈ ಕಟ್ಟು. ಇನ್ನೊಂದು ಸಲ ಪೈಪ್ ಆಚೆ ಬಂದ್ರೆ ನಿನ್ನ ಕೆಲಸ ನನ್ನ ಕೈಲಿ ಉಳಿಸಕ್ಕಾಗಲ್ಲ.”

“ಕಟ್ಟಲ್ಲ ಮೇಡಂ.”

“ಏನಂದೆ?”

“ಬಿಚ್ಚೋ ಮುಂಚೆ ನಿಮಗೆ ಹೇಳ್ಬೇಕಿತ್ತು, ಹೇಳ್ಲಿಲ್ಲ. ಅದು ನನ್ನ ತಪ್ಪು. ಆದ್ರೆ ಕಟ್ಟಲ್ಲ. ಬೇರೆ ಹೊತ್ತಲ್ಲಿ ಆ ಕೈ ಸುಮ್ಮನೆ ಇರುತ್ತೆ. ಊಟ ತಂದಾಗ ಮಾತ್ರ ಏಳುತ್ತೆ. ಯಾಕೆ ಅಂತ ತಿಳ್ಕೊಳ್ದೆ ಹೇಗೆ ಕಟ್ಟೋದು? ಮುಂದಿನ ಊಟ ನಾನೇ ಕೊಡ್ತೀನಿ. ಪೈಪ್ ಬಂದ್ರೆ ನೀವು ಕಳಿಸೋದು ಬೇಡ, ನಾನೇ ಹೋಗ್ತೀನಿ.”

ಜಯಶೀಲಾ ಅವಳನ್ನು ದುರುಗುಟ್ಟಿ ನೋಡಿದರು. “ಒಂದು ಊಟ. ಒಂದೇ.”

ಒಳಗೆ ಬಂದರೆ ವಸಿಷ್ಠ ಗೋಡೆಗೆ ಒರಗಿ ನಿಂತಿದ್ದ. ಎಲ್ಲವೂ ಕೇಳಿಸಿತ್ತು. ಬೈಯುತ್ತಾನೆಂದು ಬಿಂದು ಕಾದಳು.

“ನಾನೂ ಕೂತ್ಕೋತೀನಿ,” ಎಂದ ಅವನು. “ಬಾಯಿ ಮುಚ್ಕೊಂಡು.”

ಮಧ್ಯಾಹ್ನ ಅವಳು ಗಂಜಿಯ ಲೋಟ ತಂದು ಮೇಜಿನ ಮೇಲಿಟ್ಟಳು. ಸಿರಿಂಜನ್ನು ಮುಟ್ಟಲಿಲ್ಲ. ತನ್ನ ಅಂಗೈಯನ್ನು ಪೈಪಿಗೂ ಸೇತುರಾಮರ ಕೈಗೂ ನಡುವೆ ಅಡ್ಡ ಹಿಡಿದಳು. ಆ ಕೆಲಸ ಹೋದರೆ ಮುಂದಿನದು ಹಾರೋಹಳ್ಳಿಯ ಪೆಟ್ರೋಲ್ ಬಂಕು, ಅವಳಿಗೆ ಗೊತ್ತಿತ್ತು.

ಎಡಗೈ ಎದ್ದಿತು. ಪೈಪಿನ ಕಡೆ ಹೋಗಲಿಲ್ಲ. ಬೆರಳು ಮಡಿಸಿ, ಅಂಗೈ ಬಟ್ಟಲು ಮಾಡಿ, ಗಾಳಿಯಲ್ಲಿ ಒಂದು ಸುತ್ತು ಬಂದು ನಿಂತಿತು.

“ಪೈಪ್ ನೋಯ್ತಿದೆಯಾ ಸಾರ್?”

ಕಣ್ಣು ಎರಡು ಸಲ. ಇಲ್ಲ.

“ಊಟ ಬೇಡ್ವಾ?”

ಇಲ್ಲ.

“ಊಟಕ್ಕೆ ಮುಂಚೆ ಇನ್ನೇನಾದ್ರೂ ಆಗ್ಬೇಕಾ?”

ವಸಿಷ್ಠ ಮೊಣಕಾಲಿನ ಮೇಲೆ ಮುಷ್ಟಿ ಬಿಗಿಹಿಡಿದು ಕೂತಿದ್ದ. ಸೇತುರಾಮರು ಕಣ್ಣು ಮುಚ್ಚಿದರು. ತೆರೆದಾಗ ನೀರು ಕಿವಿಯ ಕಡೆಗೆ ಇಳಿಯಿತು.

“ಹೌದು ಅಂದ್ರು,” ಎಂದಳು ಬಿಂದು ಮೆಲ್ಲಗೆ. “ಆದ್ರೆ ಏನು ಅಂತ ನನಗೆ ತಿಳೀತಿಲ್ಲ. ಸಾರ್, ಇವ್ರು ಮಾಡಿದ ಹಾಗೇ ನೀವು ಮಾಡಿ ನೋಡಿ.”

ವಸಿಷ್ಠ ಎಡಗೈ ಎತ್ತಿ ಗಾಳಿಯಲ್ಲಿ ಸುತ್ತಿಸಿದ. ತಲೆಯಾಡಿಸಿದ. ಏನೂ ಹೊಳೆಯಲಿಲ್ಲ.

“ನೀವು ಎಡಚರಾ?”

“ಅಲ್ಲ.”

“ಮತ್ತೆ ಬಲಗೈಲಿ ಮಾಡಿ. ಅವ್ರಿಗೆ ಬಲಗೈ ಆಡಲ್ಲ ಅಂತ ಎಡಗೈ ತಗೊಂಡಿದಾರೆ. ನಿಮ್ದು ಚೆನ್ನಾಗೇ ಇದೆಯಲ್ಲ.”

ಅವನು ಬಲಗೈ ಬಟ್ಟಲು ಮಾಡಿದ. ಲೋಟದ ಸುತ್ತ ಒಂದು ಸಲ ತಿರುಗಿಸಿದ. ಕೈ ಅರ್ಧದಲ್ಲೇ ನಿಂತಿತು.

“ಅಯ್ಯೋ,” ಎಂದ. “ಪರಿಷೇಚನೆ.”

“ಏನು ಅದು?”

“ಊಟಕ್ಕೆ ಮುಂಚೆ… ಬಲಗೈಲಿ ನೀರು ತಗೊಂಡು, ಮಂತ್ರ ಹೇಳಿ, ಎಲೆ ಸುತ್ತ ತಿರುಗಿಸೋದು. ಅದು ಮಾಡ್ದೆ ಅಪ್ಪ ಒಂದು ತುತ್ತು ಬಾಯಿಗೆ ಇಟ್ಟವ್ರಲ್ಲ. ಟ್ರೈನಲ್ಲೂ ಮಾಡ್ತಿದ್ರು.” ಅವನು ಅಪ್ಪನ ಎಡಗೈ ನೋಡಿದ. “ಎಡಗೈಲಿ ಅದನ್ನ ಯಾರೂ ಮಾಡಲ್ಲ ಸಿಸ್ಟರ್. ಮಾಡಬಾರದು. ಅದಕ್ಕೇ ನಮಗ್ಯಾರಿಗೂ ಹೊಳೀಲಿಲ್ಲ. ಪೈಪ್ ಕೀಳಕ್ಕೆ ಹೋಗ್ತಿದಾರೆ ಅಂದ್ಕೊಂಡ್ವಿ. ಅವ್ರ ಕೈನ ಕಟ್ಟಿಹಾಕಿದ್ವಿ.”

ಅವನು ಅಳುತ್ತಿದ್ದ. ಮರೆಮಾಚಲು ಹೋಗಲಿಲ್ಲ. ಬಿಂದುವಿಗೆ ಅವನ ಮೇಲೆ ಮೊದಲ ಸಲ ಪ್ರೀತಿ ಉಕ್ಕಿದ್ದು ಆಗ. ಅದನ್ನು ಪಕ್ಕಕ್ಕಿಟ್ಟು ಒಂದು ಬಟ್ಟಲು ನೀರು ತಂದಳು.

“ಇದು ನನಗೆ ಬರಲ್ಲ. ನಿಮಗೆ ಬರುತ್ತೆ. ಮಾಡಿ.”

ವಸಿಷ್ಠ ಅಪ್ಪನ ಬಿದ್ದುಹೋದ ಬಲಗೈಯನ್ನು ತನ್ನ ಕೈಯಲ್ಲಿ ಎತ್ತಿಕೊಂಡ. ಬಿಂದು ಆ ಅಂಗೈಗೆ ಚಮಚದಲ್ಲಿ ನೀರು ಬಿಟ್ಟಳು. ಕೈಯಲ್ಲಿ ಕೈ ಸೇರಿಸಿ ಲೋಟದ ಸುತ್ತ ತಿರುಗಿಸುತ್ತಾ ಅವನು ಮಂತ್ರ ಶುರು ಮಾಡಿದ. ಮುಂಜಿಯಾದ ಹೊಸದರಲ್ಲಿ ಕಲಿತದ್ದು, ಬಿಟ್ಟು ಯಾವ ಕಾಲವಾಗಿತ್ತೋ. ನಡುವೆ ಮರೆತುಹೋಯಿತು. ತಡವರಿಸಿ ನಿಂತ.

ಆಗ ಮಂಚದಿಂದ ಸ್ವರ ಬಂತು. ಒರಟು, ಆದರೆ ಸ್ಪಷ್ಟ. ಒಂದು ವಾರದಿಂದ ಒಂದು ಪದ ಆಡದಿದ್ದ ಸೇತುರಾಮರು ಉಳಿದ ಮಂತ್ರವನ್ನು ಕೊನೆಯವರೆಗೆ ಹೇಳಿ ಮುಗಿಸಿದರು. ಹೆಂಡತಿಯ ಹೆಸರು ಬಾಯಿಗೆ ಬಾರದವರಿಗೆ ಬಾಯಿಪಾಠ ಹಾಗೇ ಉಳಿದಿತ್ತು. ಮಗನ ಮಾತನ್ನು ಅವತ್ತು ಅಪ್ಪ ಪೂರ್ತಿ ಮಾಡಿದರು.

ಗಂಜಿ ಪೈಪಿನಲ್ಲಿ ಇಳಿಯಿತು. ಎಡಗೈ ಹೊದಿಕೆಯ ಮೇಲೆ ಅಲುಗದೆ ಮಲಗಿತ್ತು. ಬಾಗಿಲಲ್ಲಿ ವಿಮಲಾ ಸೆರಗನ್ನು ಬಾಯಿಗೊತ್ತಿ ನಿಂತಿದ್ದರು. ಅವರ ಹಿಂದೆ ನಿಂತಿದ್ದ ಜಯಶೀಲಾ ಒಳಗೆ ಬಂದು, ಮಂಚದ ಸರಳಿಗೆ ಇನ್ನೂ ಜೋತಾಡುತ್ತಿದ್ದ ಬಟ್ಟೆಯನ್ನು ತಾವೇ ಬಿಚ್ಚಿ ಜೇಬಿಗೆ ಹಾಕಿಕೊಂಡರು.

“ಮುಂದಿನ ಸಲ ಹೇಳಿ ಬಿಚ್ಚು,” ಎಂದರು.

“ಮುಂದಿನ ಸಲ ಕೇಳಿ ಕಟ್ಟಿ ಮೇಡಂ,” ಎಂದಳು ಬಿಂದು.

ಜಯಶೀಲಾ ನಗು ತಡೆದುಕೊಂಡಿದ್ದು ಕಾರಿಡಾರಿನ ತುದಿ ತಲುಪುವವರೆಗೆ ಮಾತ್ರ.

ಆಮೇಲಿನ ದಿನಗಳಲ್ಲಿ ವಸಿಷ್ಠ ಕೋರ್ಟಿನಿಂದ ಬೇಗ ಬರತೊಡಗಿದ. ಕಾಫಿ ತಂದರೆ ಎರಡು ಲೋಟ ಇರುತ್ತಿತ್ತು. ಬಿಂದು ಬಿ.ಪಿ. ನೋಡುವಾಗ ಅವನ ಕಣ್ಣು ಯಂತ್ರದ ಮೇಲೆ ಇರುತ್ತಿರಲಿಲ್ಲ.

“ಕಂಪ್ಲೇಂಟ್ ವಾಪಸ್ ತಗೋತೀನಿ,” ಎಂದ ಒಂದು ದಿನ.

“ಬೇಡ. ಬಾಯಿ ಮುಚ್ಚಿ ಅಂದಿದ್ದು ನಿಜ. ನಾನೂ ವಾಪಸ್ ತಗೊಳಲ್ಲ, ನೀವೂ ತಗೋಬೇಡಿ.”

“ನಿಮ್ಮ ಹತ್ರ ಗೆಲ್ಲೋದು ಹೇಗೆ ಸಿಸ್ಟರ್?”

“ಮೊದಲು ಸಿಸ್ಟರ್ ಅನ್ನೋದು ನಿಲ್ಸಿ.”

ಅಂದಮೇಲೆ ಅವಳಿಗೇ ಕಿವಿ ಬಿಸಿಯಾಯಿತು. ಅವನ ಎಡಗೆನ್ನೆ ಒಳಗೆ ಹೋಯಿತು. “ನಿಲ್ಸಿ ಏನನ್ಲಿ?”

“ಏನೂ ಅನ್ಬೇಡಿ. ನಿಮ್ ತಂದೆ ಈ ಮಂಚದ ಮೇಲೆ ಇರೋವರೆಗೂ ನಾನು ಅವ್ರ ನರ್ಸು, ಅಷ್ಟೇ. ಏನಿದ್ರೂ ಡಿಸ್ಚಾರ್ಜ್ ಆದ್ಮೇಲೆ.”

ಅಲ್ಲಿಂದ ಡಿಸ್ಚಾರ್ಜ್ ದಿನದವರೆಗೆ ಅವನು ಆ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ. ಅಂಥ ಮಾತುಗಾರ ಇಷ್ಟು ದಿನ ಬಾಯಿ ಕಟ್ಟಿಕೊಂಡು ಕೂತಿದ್ದನ್ನು ನೋಡಿ ಬಿಂದುವಿಗೆ ಒಳಗೊಳಗೇ ಸಖತ್ ಖುಷಿ.

ಸೇತುರಾಮರ ಪೈಪು ತೆಗೆದರು, ಮೆತ್ತಗಿನ ಅನ್ನ ಬಾಯಲ್ಲೇ ಇಳಿಯಿತು, ಅವರು ಮನೆಗೆ ಹೋದರು. ಆ ಭಾನುವಾರ ಬೆಳಿಗ್ಗೆ, ವಸಿಷ್ಠ ಕರೆದನೆಂದು, ಪುಟ್ಟೇನಹಳ್ಳಿ ಕೆರೆಯ ಏರಿಯ ಮೇಲೆ ಬಿಂದು ಹಸಿರು ಚೂಡಿದಾರದಲ್ಲಿ ಬಂದು ನಿಂತಳು. ಯೂನಿಫಾರ್ಮ್ ಇಲ್ಲದ ಅವಳನ್ನು ವಸಿಷ್ಠ ನೋಡಿದ್ದು ಅದೇ ಮೊದಲು. ನೋಡಿದ ಮೇಲೆ ತಯಾರು ಮಾಡಿಕೊಂಡು ಬಂದದ್ದೆಲ್ಲ ಮರೆತ.

“ನಾನು… ನಿಮ್ಮನ್ನ…” ಎಂದು ನಿಂತ.

ಬಿಂದು ಕೆರೆಯ ಕಡೆ ನೋಡುತ್ತಾ ನಿಂತಳು.

“ನಿಮಗೆ ಗೊತ್ತಲ್ಲ,” ಎಂದ.

“ಗೊತ್ತು.”

“ಮತ್ತೆ ನೀವೇ ಪೂರ್ತಿ ಮಾಡಬಾರದಾ?”

“ಊಹೂಂ. ಅವಸರ ಇಲ್ಲ. ನಾನು ಕಾಯ್ತೀನಿ.”

ಟೋಪಿ ಹಾಕಿದ್ದ ಅಂಕಲ್ ಒಬ್ಬರು ಅವರನ್ನು ದಾಟಿ ಹೋದರು. ಕೆರೆ ಸುತ್ತಿ ಮತ್ತೆ ಅದೇ ಜಾಗಕ್ಕೆ ಬಂದರು. ಇವರಿಬ್ಬರೂ ಹಾಗೇ ನಿಂತಿರುವುದನ್ನು ನೋಡಿ ಕೆಮ್ಮಿ ಹೋದರು.

“ನಿಮ್ಮನ್ನ ಕಂಡ್ರೆ ನನಗೆ ತುಂಬಾ ಇಷ್ಟ,” ಎಂದ ವಸಿಷ್ಠ ಕೊನೆಗೆ, ಒಂದೊಂದೇ ಪದ ಎತ್ತಿಟ್ಟು. “ಮದುವೆ ಆಗೋದಾದ್ರೆ ನಿಮ್ಮನ್ನೇ. ನೀವು ಒಪ್ಪಿದ್ರೆ.”

ಬಿಂದುವಿನ ಕಣ್ಣು ತುಂಬಿತು. ಯಾವಾಗಲೂ ತಾನೇ ಕಾಯುವವಳು; ಕಾದದ್ದಕ್ಕೆ ಇಂಥ ಮಾತು ಅವಳಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

“ನನಗೂ ನೀವು ಇಷ್ಟ. ಬಾಯಿ ಮುಚ್ಕೊಂಡಿದ್ದಾಗ ಇನ್ನೂ ಇಷ್ಟ,” ಎಂದಳು. “ಮನೇಲಿ ಹೇಳಿದೀರಾ?”

“ಅಮ್ಮನಿಗೆ… ನಿಧಾನವಾಗಿ… ನೋಡ್ಕೊಂಡು…”

“ನಾನು ಹೇಳಿ ಬಂದಿದೀನಿ.”

“ಏನು? ನಾನಿನ್ನೂ ನಿಮ್ಮನ್ನ ಕೇಳೇ ಇರ್ಲಿಲ್ವಲ್ಲ!”

“ನಿಮ್ಮ ಮಾತು ನಿಮ್ದು, ನನ್ನ ಮಾತು ನನ್ದು. ನಿಮ್ದು ಬರ್ಲಿ ಅಂತ ನನ್ದು ಯಾಕೆ ಕಾಯ್ಬೇಕು? ಪೆಟ್ರೋಲ್ ಬಂಕ್ ಬೇಡ ಅಂದೆ. ಯಾಕೆ ಅಂದ್ರು ಅಪ್ಪ. ನಿಮ್ಮ ಹೆಸರು ಹೇಳ್ದೆ.”

“ಏನಂದ್ರು?”

“ತಟ್ಟೆ ದಬ್ಬಿ ಎದ್ದು ಹೋದ್ರು. ಬರ್ತಾರೆ ಬಿಡಿ. ಹಸಿವಾಗುತ್ತೆ.”

ವಸಿಷ್ಠ ಅವಳನ್ನೇ ನೋಡಿದ. ಅದೇ ಸಂಜೆ ಮನೆಯಲ್ಲಿ ಹೇಳಿದ, ಪೂರ್ತಿ ವಾಕ್ಯದಲ್ಲಿ.

ನಾಲ್ಕು ದಿನ ಬಿಟ್ಟು ವಿಮಲಾ ಫೋನ್ ಮಾಡಿ ಬಿಂದುವನ್ನು ಜಯನಗರದ ಮನೆಗೆ ಕರೆದರು. “ಅವ್ರನ್ನ ನೋಡ್ಕೊಂಡು ಹೋಗುವಿಯಂತೆ ಬಾಮ್ಮ,” ಎಂದಿದ್ದರು. ಕಾಫಿ ಕೊಟ್ಟರು. ಸೋಫಾದ ತುದಿಯಲ್ಲಿ ಕೂತು ಸೆರಗು ಸರಿಮಾಡಿಕೊಂಡರು.

“ನೀನು ಒಳ್ಳೆ ಹುಡುಗಿ ಕಣಮ್ಮ. ನಿನ್ನ ಉಪಕಾರ ನಾವು ಮರೆಯೋ ಹಾಗಿಲ್ಲ. ಆದ್ರೆ ನಮ್ಮ ಮನೆ…”

ಅಲ್ಲಿಗೆ ನಿಲ್ಲಿಸಿದರು. ಇಂಥ ಮಾತನ್ನು ಯಾರೂ ಪೂರ್ತಿ ಆಡುವುದಿಲ್ಲ. ಕೇಳಿದವರು “ತಿಳೀತು ಆಂಟಿ” ಎಂದು ತಾವೇ ಮುಗಿಸಿ ಎದ್ದುಹೋಗುವುದು ಮರ್ಯಾದೆ. ಬಿಂದು ಏಳಲಿಲ್ಲ. ಕಾಫಿ ಲೋಟ ಕೆಳಗಿಟ್ಟು, ಆಸ್ಪತ್ರೆಯಲ್ಲಿ ಮಂಚದ ಪಕ್ಕ ಕಾಯುತ್ತಾ ಕೂತ ಹಾಗೇ ಕೂತಳು.

“ಹೇಳಿ ಆಂಟಿ. ನಿಮ್ಮ ಮನೆ?”

“ಅದೇ… ನಿನಗೆ ಗೊತ್ತಲ್ಲ.”

“ಗೊತ್ತಿರೋದು ನಿಮ್ಮ ಬಾಯಿಂದ್ಲೇ ಬರ್ಲಿ. ಅರ್ಧ ಮಾತಿಗೆ ನಾನು ಎದ್ದು ಹೋಗಲ್ಲ.”

ವಿಮಲಾ ಅವರ ಮುಖ ಕೆಂಪಾಯಿತು. “ನಮ್ಮ ಆಚಾರ ಬೇರೆ, ನಿಮ್ಮದು ಬೇರೆ. ಇಷ್ಟು ವರ್ಷ ಒಂದು ರೀತೀಲಿ ನಡ್ಕೊಂಡು ಬಂದಿದೀವಿ. ನನ್ನದೇನೂ ಇಲ್ಲಮ್ಮ, ಅವ್ರು ಒಪ್ಪಲ್ಲ.”

“ಅವ್ರನ್ನ ಕೇಳಿದ್ರಾ?”

ವಿಮಲಾ ಕಾಫಿ ಲೋಟ ಎತ್ತಿಕೊಂಡರು. ಕೇಳಿರಲಿಲ್ಲ.

ಅಷ್ಟರಲ್ಲಿ ಊಟದ ಹೊತ್ತಾಯಿತು. ವಸಿಷ್ಠ ಅಪ್ಪನ ಗಾಲಿಕುರ್ಚಿಯನ್ನು ಮೇಜಿಗೆ ತಳ್ಳಿಕೊಂಡು ಬಂದ. ವಿಮಲಾ ಎದ್ದು ಬಂದು ಎಲೆಯ ಮೇಲೆ ಕಲೆಸಿದ ಮೆತ್ತಗಿನ ಅನ್ನ ಬಡಿಸಿ, ಪಕ್ಕದಲ್ಲಿ ಪಂಚಪಾತ್ರೆಯಲ್ಲಿ ನೀರಿಟ್ಟರು. ವಸಿಷ್ಠ ದಿನದ ಹಾಗೆ ಅಪ್ಪನ ಬಲಗೈ ಎತ್ತಿಕೊಳ್ಳಲು ಬಗ್ಗಿದ. ಸೇತುರಾಮರು ತಲೆ ಅಲ್ಲಾಡಿಸಿದರು. ತಮ್ಮ ಎಡಗೈಯಿಂದ ಬಲಗೈಯನ್ನು ಹಿಡಿದೆತ್ತಿ ಸೋಫಾದ ಕಡೆ, ಬಿಂದುವಿನ ಕಡೆ ಚಾಚಿದರು.

“ನೀ… ನೀ…”

“ನೀನು ಹೊರಡಮ್ಮ ಅಂತಿದಾರೆ,” ಎಂದರು ವಿಮಲಾ ಗಡಿಬಿಡಿಯಿಂದ. “ಬಿಸಿಲಾಗುತ್ತೆ, ದೂರ ಹೋಗ್ಬೇಕಲ್ಲ…”

“ಅಮ್ಮ,” ಎಂದ ವಸಿಷ್ಠ. ಧ್ವನಿ ಎತ್ತರಿಸಲಿಲ್ಲ. “ಅಪ್ಪ ಇನ್ನೂ ಮುಗಿಸಿಲ್ಲ.”

ಎಲ್ಲರೂ ಕಾದರು. ಒಳಗೆ ಕುಕ್ಕರ್ ಕೂಗಿತು. ಬೀದಿಯಲ್ಲಿ ಸೊಪ್ಪಿನವಳು ದಂಟು, ಮೆಂತ್ಯ ಎಂದು ಕೂಗುತ್ತಾ ತಿರುವಿನವರೆಗೆ ಹೋದಳು. ಸೇತುರಾಮರ ಹಣೆಯಲ್ಲಿ ಬೆವರು ಮೂಡಿತು. ಆದರೂ ಚಾಚಿದ ಕೈ ಕೆಳಗಿಳಿಯಲಿಲ್ಲ.

“ನೀ…ನು,” ಎಂದರು. ಉಸಿರು ತೆಗೆದುಕೊಂಡರು. “ಹಿಡಿ.”

ಬಿಂದು ಎದ್ದಳು. “ಕೈ ತೊಳ್ಕೊಂಡು ಬರ್ತೀನಿ ಸಾರ್,” ಎಂದು ಹೋಗಿ ಬಂದು, ಅವರ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಎತ್ತಿಕೊಂಡಳು. ಅವಳ ಕಣ್ಣೀರು ಕೆನ್ನೆಗೆ ಇಳಿಯಿತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಇನ್ನು ಆ ಅಂಗೈಗೆ ನೀರು ಬೀಳಬೇಕಿತ್ತು. ಪಂಚಪಾತ್ರೆ ವಿಮಲಾ ಅವರ ಕೈಯಳತೆಯಲ್ಲಿತ್ತು. ವಸಿಷ್ಠ ಕೈ ಚಾಚಿದರೆ ಆಗುತ್ತಿತ್ತು. ಚಾಚಲಿಲ್ಲ. ವಿಮಲಾ ಗಂಡನ ಮುಖ ನೋಡಿದರು, ಆ ಕೈ ನೋಡಿದರು, ಅದನ್ನು ಹಿಡಿದಿದ್ದ ಕೈಗಳನ್ನು ನೋಡಿದರು. ಆಮೇಲೆ ತಾವೇ ನೀರೆತ್ತಿ ಬಿಟ್ಟರು.

ಸೇತುರಾಮರು ಮಂತ್ರ ಹೇಳಿದರು. ಕೈ ಎಲೆಯ ಸುತ್ತ ತಿರುಗಿತು.

“ನೀನೂ ಕೂತ್ಕೋ,” ಎಂದರು ವಿಮಲಾ, ಬಿಂದುವಿನ ಮುಖ ನೋಡದೆ. ಎದುರಿಗೆ ಎಲೆ ಹಾಕಿದರು. “ಆದ್ರೆ…”

“ಆದ್ರೆ ಏನು ಆಂಟಿ?”

“ಆದ್ರೆ ಹುಳಿಗೆ ಉಪ್ಪು ಕಮ್ಮಿ ಹಾಕಿದೀನಿ, ಅವ್ರಿಗೋಸ್ಕರ. ನಿನಗೆ ಬೇಕಿದ್ರೆ ಹಾಕ್ಕೋ.”

ವಸಿಷ್ಠ ಬಿಂದುವಿನ ಪಕ್ಕದಲ್ಲಿ ಬಂದು ಕೂತ. ಅಮ್ಮ ಅಡುಗೆಮನೆಗೆ ಹೋದದ್ದೇ ತಡ, ಮೇಜಿನ ಕೆಳಗೆ ಅವನ ಕೈ ಅವಳ ಕೈ ಹುಡುಕಿಕೊಂಡು ಬಂತು.

“ಈ ಭಾನುವಾರ ತಲಘಟ್ಟಪುರಕ್ಕೆ ಬನ್ನಿ,” ಎಂದಳು ಬಿಂದು. “ನಮ್ಮಪ್ಪನ ಮುಂದೆ ನಿಮ್ಮ ಸರದಿ.”

“ಏನು ಹೇಳ್ಲಿ ಅವ್ರಿಗೆ?”

“ನಾನು ಹೇಳಿಕೊಡಲ್ಲ,” ಎಂದು ಅವಳು ಅನ್ನಕ್ಕೆ ಹುಳಿ ಕಲೆಸಿಕೊಂಡಳು.